ಕೆಂಡದ ಸುತ್ತಲಿನ ಹಬ್ಬ: ಕೊರಿಯಾದ ಒಂದು ಊಟದ ಚರಿತ್ರೆ



ಕೊರಿಯಾದವರ ಚಾಂದ್ರಮಾನ ಹೊಸ ವರ್ಷದ ಹೆಸರು ಸೊಲ್ಲಾಲ್. ನಮ್ಮ ಯುಗಾದಿ ಮಾವಿನ ಚಿಗುರಿನ ಕಾಲಕ್ಕೆ ಬಂದರೆ, ಅವರದು ಜನವರಿ ಕೊನೆಗೋ ಫೆಬ್ರವರಿಯಲ್ಲೋ, ಮೈ ಕೊರೆಯುವ ಚಳಿಯಲ್ಲಿ ಬರುತ್ತದೆ. ಅಂದು ಬೆಳಿಗ್ಗೆ ಮನೆಮಂದಿ ಹಿರಿಯರಿಗೆ ಎಡೆಯಿಟ್ಟು, ಆಮೇಲೆ ಒಟ್ಟಿಗೆ ಕೂತು ತೊಕ್‌ಗುಕ್ ಎಂಬ ಬಿಸಿ ಸಾರನ್ನು ಉಣ್ಣುತ್ತಾರೆ. ಅಕ್ಕಿಹಿಟ್ಟನ್ನು ಹಬೆಯಲ್ಲಿ ಬೇಯಿಸಿ, ನಾದಿ, ಉದ್ದನೆಯ ಬಿಳಿ ಕೋಲಿನಂತೆ ಹೊಸೆದು, ಓರೆಯಾಗಿ ತೆಳ್ಳಗೆ ಕತ್ತರಿಸಿದ ಬಿಲ್ಲೆಗಳು ಆ ಸಾರಿನಲ್ಲಿ ತೇಲುತ್ತವೆ. ಮೇಲೆ ಮೊಟ್ಟೆಯ ಹಳದಿಯನ್ನೂ ಬಿಳಿಯನ್ನೂ ಬೇರೆ ಬೇರೆಯಾಗಿ ಹುರಿದು ಹೆಚ್ಚಿದ ಎಳೆಗಳು, ಸುಟ್ಟ ಕಡಲಪಾಚಿಯ ಚೂರು, ಎಳೆಎಳೆಯಾಗಿ ಬಿಡಿಸಿದ ದನದ ಮಾಂಸ. ಈ ಬಟ್ಟಲು ಖಾಲಿಯಾದರೆ ವಯಸ್ಸಿಗೆ ಒಂದು ವರ್ಷ ಸೇರಿತು ಎಂದು ಲೆಕ್ಕ. ಎಷ್ಟು ಬಟ್ಟಲು ತೊಕ್‌ಗುಕ್ ತಿಂದಿದ್ದೀಯ ಎಂದು ಕೇಳಿದರೆ ಮಗುವಿನ ವಯಸ್ಸು ಕೇಳಿದಂತೆ. 2023ರ ಜೂನ್‌ನಲ್ಲಿ ಬಂದ ಕಾನೂನು ಹುಟ್ಟಿದ ದಿನದಿಂದಲೇ ವಯಸ್ಸು ಎಣಿಸಬೇಕೆಂದು ಗೊತ್ತು ಮಾಡಿದೆ. ಬಟ್ಟಲು ಮಾತ್ರ ತಪ್ಪಿಲ್ಲ.

ಈ ಮಾತಿನ ಉದ್ದಕ್ಕೂ ದನದ ಮಾಂಸದ ಪ್ರಸ್ತಾಪ ಬರುತ್ತದೆ. ಅದನ್ನು ತಿನ್ನುವವರೂ, ಮುಟ್ಟದವರೂ ಈ ಬಾನುಲಿಯನ್ನು ಕೇಳುತ್ತಿರುತ್ತೀರಿ. ನಾನು ಹೇಳಹೊರಟಿರುವುದು ಒಂದು ಬೇಸಾಯದ ನಾಡಿನ ಕತೆ. ಅದು ತನ್ನ ಉಳುವ ಎತ್ತನ್ನು ಹೇಗೆ ಉಳಿಸಿಕೊಳ್ಳಲು ನೋಡಿತು, ಹಬ್ಬ ಬಂದಾಗ ಹೇಗೆ ತಿಂದಿತು, ಮಾಂಸ ಕಡಿದುಕೊಟ್ಟ ಜನರನ್ನು ಹೇಗೆ ನಡೆಸಿಕೊಂಡಿತು ಎಂಬುದರ ಕತೆ. ಇವತ್ತು ಸೋಲ್ ನಗರದ ದುಬಾರಿ ಹೋಟೆಲುಗಳಲ್ಲಿ ಕೆಂಡದ ಮೇಲೆ ಚುರುಗುಡುವ ಮಾಂಸದ ಹಿಂದೆ ಈ ಮೂರೂ ಎಳೆಗಳಿವೆ.

ಹಿಂದಿನಿಂದ ಬರೋಣ. ಗೊರ್ಯೊ ವಂಶ ಆಳುತ್ತಿದ್ದಾಗ ಕೊರಿಯಾ ಬೌದ್ಧರ ನಾಡು. 1123ರಲ್ಲಿ ಅಲ್ಲಿಗೆ ಬಂದ ಚೀನಾದ ರಾಯಭಾರಿ ಷು ಜಿಂಗ್, ಈ ಜನಕ್ಕೆ ಪ್ರಾಣಿಯನ್ನು ಸರಿಯಾಗಿ ಕಡಿಯಲೂ ಬಾರದು ಎಂಬರ್ಥದಲ್ಲಿ ಬರೆದಿಟ್ಟ. ಮುಂದಿನ ಶತಮಾನದಲ್ಲಿ ಮಂಗೋಲರು ದಂಡೆತ್ತಿ ಬಂದರು. ಅವರ ಜೊತೆ ಮಾಂಸದ ಅಡುಗೆಯೂ ಬಂತು. 1392ರಲ್ಲಿ ಜೋಸನ್ ವಂಶ ಪಟ್ಟಕ್ಕೆ ಬಂದಾಗ ಬೌದ್ಧ ಧರ್ಮ ಹಿಂದೆ ಸರಿದು ಕನ್‌ಫ್ಯೂಷಿಯಸ್‌ನ ಮತ ಆಡಳಿತದ ಆಧಾರವಾಯಿತು. ಹಿರಿಯರ ಎಡೆಗೆ ಮಾಂಸ ಬೇಕೇಬೇಕು ಎಂಬ ರೂಢಿ ಬೆಳೆಯಿತು.

ಇಲ್ಲೇ ಇಕ್ಕಟ್ಟು ಶುರುವಾಯಿತು. ಎಡೆಗೆ ಮಾಂಸ ಬೇಕು, ಆದರೆ ಗದ್ದೆ ಉಳಲು ಎತ್ತು ಬೇಕು. ಎತ್ತಿಲ್ಲದ ಊರಿನಲ್ಲಿ ಸಾಗುವಳಿಯಿಲ್ಲ, ಸಾಗುವಳಿಯಿಲ್ಲದೆ ಕಂದಾಯವಿಲ್ಲ. ಹಾಗಾಗಿ ಜೋಸನ್ ಅರಸರು ದನ ಕಡಿಯಬಾರದೆಂದು ಒಬ್ಬರ ಹಿಂದೊಬ್ಬರು ಆಜ್ಞೆ ಹೊರಡಿಸಿದರು. ಜನ ದಾರಿ ಹುಡುಕಿಕೊಂಡರು. ಎತ್ತು ಜಾರಿ ಬಿದ್ದು ಕಾಲು ಮುರಿದುಕೊಂಡಿತು, ಇನ್ನು ಉಳಲಾರದು ಎಂದು ಅಧಿಕಾರಿಗಳ ಮುಂದೆ ಹೇಳಿ ಅಪ್ಪಣೆ ಪಡೆಯುವುದು ಸಾಮಾನ್ಯವಾಗಿತ್ತು. 1778ರಲ್ಲಿ ಪಾಕ್ ಜೆಗಾ ಎಂಬ ವಿದ್ವಾಂಸ ತನ್ನ ಗ್ರಂಥದಲ್ಲಿ, ನಮ್ಮ ದೇಶದಲ್ಲಿ ದಿನಕ್ಕೆ 500 ದನ ಕಡಿಯುತ್ತಾರೆ ಎಂದು ಲೆಕ್ಕ ಕೊಟ್ಟು ಸಂಕಟಪಟ್ಟಿದ್ದಾನೆ. ನಿಷೇಧದ ಕಾಲದಲ್ಲೇ ಇಷ್ಟು!

ಈ ಇಡೀ ಚರಿತ್ರೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಸಣ್ಣ ದಾಖಲೆ. 1849ರಲ್ಲಿ ಹೊಂಗ್ ಸೊಕ್‌ಮೊ ಎಂಬಾತ ವರ್ಷದ ಹನ್ನೆರಡು ತಿಂಗಳ ಹಬ್ಬ ಹರಿದಿನಗಳನ್ನು ಬರೆದಿಟ್ಟ. ತೊಂಗುಕ್ ಸೆಸಿಗಿ ಎಂಬ ಆ ಪುಸ್ತಕದ ಹನ್ನೆರಡನೆಯ ತಿಂಗಳ ಭಾಗದಲ್ಲಿ ಒಂದು ಮಾತಿದೆ. ವರ್ಷದ ಕೊನೆಯ ರಾತ್ರಿಗೆ ಒಂದೆರಡು ದಿನ ಇರುವಾಗ ದನದ ಮೇಲಿನ ನಿಷೇಧವನ್ನು ಸಡಿಲಿಸುತ್ತಿದ್ದರಂತೆ. ತಪಾಸಣೆ ಮಾಡುವ ಕಚೇರಿಗಳವರು ತಮ್ಮ ಅಧಿಕಾರದ ಬಿಲ್ಲೆಗಳನ್ನು ಒಳಗಿಟ್ಟುಬಿಡುತ್ತಿದ್ದರು. ಹೊಸ ವರ್ಷದ ಬೆಳಗಿನವರೆಗೆ ಹಿಡಿಯುವವರಿಲ್ಲ, ದಂಡವಿಲ್ಲ. ರಾಜಧಾನಿಯ ಜನಕ್ಕೆ ಹಬ್ಬದ ಮಾಂಸ ಸಿಗಲಿ ಎಂಬುದೇ ಉದ್ದೇಶ. ಪ್ರಜೆಯ ಮನೆಯಲ್ಲಿ ಹಿರಿಯರ ಎಡೆ ಬರಿದಾಗದಿರಲೆಂದು ಸರಕಾರವೇ ತನ್ನ ಕಾನೂನಿನಿಂದ ಮುಖ ತಿರುಗಿಸಿಕೊಂಡಿದ್ದು ಇದು. ಕೊರಿಯಾದವರಿಗೆ ದನದ ಮಾಂಸ ಇಂದಿಗೂ ಯಾಕೆ ಹಬ್ಬದ ಅಡುಗೆ, ಯಾಕೆ ಉಡುಗೊರೆ, ಯಾಕೆ ಮರ್ಯಾದೆಯ ಗುರುತು ಎಂದು ಕೇಳಿದರೆ ನಾನು ಈ ಪುಟವನ್ನೇ ತೋರಿಸುತ್ತೇನೆ. ವರ್ಷಕ್ಕೆ ಕೆಲವೇ ದಿನ ನಿರ್ಭಯವಾಗಿ ತಿನ್ನಬಹುದಾಗಿದ್ದ ವಸ್ತುವಿಗೆ ಆ ಬೆಲೆ ಬಂದೇ ಬರುತ್ತದೆ. ತೊಕ್‌ಗುಕ್‌ನ ಸಾರಿಗೆ ದನದ ಮಾಂಸವನ್ನೋ ಕಾಡುಕೋಳಿಯನ್ನೋ ಹಾಕುತ್ತಿದ್ದರು ಎಂದೂ ಅದೇ ಪುಸ್ತಕ ಹೇಳುತ್ತದೆ. ಕಾಡುಕೋಳಿ ಸಿಗದ ಮನೆಗಳಲ್ಲಿ ನಾಟಿಕೋಳಿ. ಎಡೆಗೆ ಇಡುವ ಇನ್ನೊಂದು ಪದಾರ್ಥ ಸಾನ್‌ಜೊಕ್. ದನದ ಮಾಂಸವನ್ನು ಪಟ್ಟಿಯಾಗಿ ಕತ್ತರಿಸಿ, ಮಸಾಲೆ ಹಚ್ಚಿ, ಕಡ್ಡಿಗೆ ಪೋಣಿಸಿ ಸುಡುವುದು.

ಅದೇ ಪುಸ್ತಕದ ಹತ್ತನೆಯ ತಿಂಗಳಲ್ಲಿ ಇನ್ನೊಂದು ಚಿತ್ರ. ಚಳಿ ಇಳಿಯುತ್ತಿದ್ದಂತೆ ಸೋಲ್‌ನ ಜನ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹೊತ್ತಿಸಿ, ಮೇಲೆ ಕಬ್ಬಿಣದ ಬಾಣಲೆಯಿಟ್ಟು, ಎಣ್ಣೆ, ಸೋಯಾ ರಸ, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಪುಡಿ ಕಲಸಿದ ಮಾಂಸವನ್ನು ಸುಡುತ್ತ ಸುತ್ತ ಕೂರುತ್ತಿದ್ದರು. ಇದಕ್ಕೆ ನಲ್ಲೋಹ್ವೆ ಎಂದು ಹೆಸರು. ಅಗ್ಗಿಷ್ಟಿಕೆಯ ಸುತ್ತಲಿನ ಕೂಟ. ಆ ಬಾಣಲೆ ಸೈನಿಕರ ಟೋಪಿಯನ್ನು ಮಗುಚಿ ಇಟ್ಟ ಆಕಾರದ್ದು. ಅಂಚಿನ ಅಗಲ ಪಟ್ಟಿಯ ಮೇಲೆ ಮಾಂಸ ಬೇಯುತ್ತದೆ, ನಡುವಿನ ಗುಂಡಿಯಲ್ಲಿ ತರಕಾರಿಯ ಸಾರು ಕುದಿಯುತ್ತದೆ. ಸೊಂಗ್ ಹ್ಯೊಪ್ ಎಂಬ ಚಿತ್ರಕಾರ ಇಂಥ ಕೂಟವನ್ನು ಬರೆದಿದ್ದಾನೆ. ಚಿತ್ರ ಕೊರಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ದೊರೆ ಜೊಂಗ್‌ಜೊ 1781ರ ಚಳಿಗಾಲದಲ್ಲಿ ತನ್ನ ಅಧಿಕಾರಿಗಳನ್ನು ಕೂರಿಸಿಕೊಂಡು ಇಂಥದೇ ಕೂಟ ನಡೆಸಿ, ಅವರಿಂದ ಪದ್ಯ ಬರೆಸಿದ. ಇಂದು ಕೊರಿಯಾದ ಹೋಟೆಲುಗಳಲ್ಲಿ ಪ್ರತಿ ಮೇಜಿಗೂ ಒಂದು ಒಲೆ ಇರುವುದು ಪ್ರವಾಸಿಗರನ್ನು ಮೆಚ್ಚಿಸಲು ಹುಟ್ಟಿದ ಏರ್ಪಾಡಲ್ಲ. ಅದಕ್ಕೆ ಕನಿಷ್ಠ ಇಷ್ಟು ಹಳೆಯ ಬೇರಿದೆ.

ಜೊಂಗ್‌ಜೊನ ಹೆಸರು ಬಂದ ಮೇಲೆ ಸುವನ್ ಊರನ್ನು ಬಿಡುವಂತಿಲ್ಲ. 1794ರಿಂದ 1796ರವರೆಗೆ ಅವನು ಅಲ್ಲಿ ಹ್ವಾಸೊಂಗ್ ಎಂಬ ಕೋಟೆ ಕಟ್ಟಿಸಿದ. ಹೊಸ ಊರಿಗೆ ಜನ ಬಂದು ನೆಲೆಸಲೆಂದು ಸರಕಾರಿ ಜಮೀನು ಮಾಡಿಸಿ ರೈತರಿಗೆ ಎತ್ತುಗಳನ್ನು ಕೊಡಿಸಿದ. ಎತ್ತು ಹೆಚ್ಚಿದವು, ಸುವನ್‌ನ ದನದ ಸಂತೆ ದೊಡ್ಡದಾಯಿತು. ಆ ಸಂತೆಯ ನೆರಳಲ್ಲಿ 1940ರ ದಶಕದಲ್ಲಿ ಹ್ವಾಚುನೊಕ್ ಎಂಬ ಸಣ್ಣ ಹೋಟೆಲು ಶುರುವಾಗಿ, ಮುಂದಿನ ದಶಕದಲ್ಲಿ ದೊಡ್ಡ ಪಕ್ಕೆಲುಬುಗಳನ್ನು ಇದ್ದಿಲಿನ ಮೇಲೆ ಸುಟ್ಟು ಮಾರತೊಡಗಿತು. ಸುವನ್ ಗಾಲ್ಬಿ ಎಂಬ ಹೆಸರು ದೇಶಕ್ಕೆಲ್ಲ ಹರಡಿದ್ದು ಹೀಗೆ. ಮೂಳೆಗೆ ಅಂಟಿಕೊಂಡ ಮಾಂಸವನ್ನು ಚಾಕುವಿನಿಂದ ಬಿಡಿಸುತ್ತ, ಬಿಡಿಸುತ್ತ, ಮೂಳೆಯಿಂದ ಬೇರೆಯಾಗದಂತೆ ಉದ್ದಕ್ಕೆ ಚಾಚುತ್ತಾರೆ. ಅದರ ಮೇಲೆ ಹಗುರವಾಗಿ ಗೀರು ಹಾಕುತ್ತಾರೆ. ಮಿಕ್ಕ ಊರುಗಳಲ್ಲಿ ಸೋಯಾ ರಸದಲ್ಲಿ ನೆನೆಸಿದರೆ ಸುವನ್‌ನಲ್ಲಿ ಉಪ್ಪು. ಪೇರ್ ಹಣ್ಣಿನ ರಸವನ್ನೂ ಹಚ್ಚುವುದುಂಟು. ಆ ರಸದ ಕಿಣ್ವ ಮಾಂಸವನ್ನು ಮೆದುಮಾಡುತ್ತದೆ.

ಇನ್ನು ಆ ಚಾಕು ಹಿಡಿದ ಕೈಗಳ ಮಾತು. ನಿಷೇಧದ ನಡುವೆಯೂ ಜೋಸನ್ ಕಾಲದ ಸೋಲ್‌ನಲ್ಲಿ ಮಾಂಸ ಮಾರುವ ಅಪ್ಪಣೆಯಿದ್ದುದು ಇಪ್ಪತ್ತು ಚಿಲ್ಲರೆ ಅಂಗಡಿಗಳಿಗೆ. ಅವುಗಳನ್ನು ನಡೆಸುತ್ತಿದ್ದವರು ಸೊಂಗ್ಯುನ್‌ಗ್ವಾನ್ ಎಂಬ ರಾಜ್ಯದ ವಿದ್ಯಾಪೀಠದ ಊಳಿಗದವರು. ದೇಶದ ಮಹಾ ಪಂಡಿತರಾಗಲಿರುವ ಹುಡುಗರಿಗೆ ಅನ್ನ ಹಾಕುವ ಹೊಣೆ ಈ ಊಳಿಗದವರದು, ಅದಕ್ಕೆ ಪ್ರತಿಯಾಗಿ ಈ ಅಪ್ಪಣೆ. ರಾಜಧಾನಿಯ ಹೊರಗೆ ಈ ಕೆಲಸ ಬೆಕ್‌ಜೊಂಗ್ ಎಂಬ ಜನರದು. ಅವರು ಊರಾಚೆ ಇರಬೇಕು, ಕುದುರೆ ಬಾಲದ ಕೂದಲಿನ ಟೋಪಿ ತೊಡಕೂಡದು, ಎದುರಿಗೆ ಬಂದವನು ಚಿಕ್ಕ ಹುಡುಗನಾದರೂ ತಲೆ ಬಾಗಿಸಬೇಕು. ಅವರು ಕಡಿದ ಮಾಂಸ ಪೂಜೆಯ ಎಡೆಯ ಮೇಲೇರುತ್ತಿತ್ತು. ಅವರು ಮಾತ್ರ ಆ ಅಂಗಳಕ್ಕೆ ಕಾಲಿಡುವಂತಿರಲಿಲ್ಲ. ಈ ಮಾತುಗಳನ್ನು ಕೇಳುವಾಗ ಕನ್ನಡದ ಯಾವ ಕೇಳುಗನಿಗೂ ವಿವರಣೆ ಬೇಕಾಗುವುದಿಲ್ಲ.

1894ರ ಸುಧಾರಣೆಗಳು ಕಾಗದದ ಮೇಲೆ ಈ ಭೇದವನ್ನು ಅಳಿಸಿದವು, ನಿಜ ಜೀವನದಲ್ಲಿ ಅಲ್ಲ. ದಕ್ಷಿಣದ ಜಿಂಜು ಪಟ್ಟಣದಲ್ಲಿ 1909ರಲ್ಲಿ ಬೆಕ್‌ಜೊಂಗರು ಚರ್ಚಿನೊಳಗೆ ಬಂದು ಜೊತೆಗೆ ಪ್ರಾರ್ಥನೆಗೆ ಕೂತಾಗ ಮಿಕ್ಕವರು ಎದ್ದು ಹೊರನಡೆದರು. ಅದೇ ಜಿಂಜುವಿನಲ್ಲಿ, ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳದ ನೋವಿನಿಂದ ಎದ್ದ ಬೆಕ್‌ಜೊಂಗರೂ ಅವರಿಗೆ ಜೊತೆಯಾದ ಮೇಲು ಮನೆತನದ ಕೆಲವರೂ ಸೇರಿ 1923ರ ಏಪ್ರಿಲ್‌ನಲ್ಲಿ ಹ್ಯೊಂಗ್‌ಪ್ಯೊಂಗ್‌ಸಾ ಎಂಬ ಸಂಘ ಕಟ್ಟಿದರು. ಮಾಂಸ ತೂಗುವ ತಕ್ಕಡಿಯನ್ನೇ ಅವರು ಸಮಾನತೆಯ ಗುರುತಾಗಿ ಎತ್ತಿ ಹಿಡಿದರು. ಸುತ್ತಲಿನವರು ಮಾಂಸ ಕೊಳ್ಳುವುದಿಲ್ಲವೆಂದು ಬಹಿಷ್ಕಾರ ಹಾಕಿದರು, ಗಲಭೆ ಎಬ್ಬಿಸಿದರು. ಸಂಘ ಬಗ್ಗಲಿಲ್ಲ, ದೇಶದ ಉದ್ದಗಲಕ್ಕೂ ಶಾಖೆ ತೆರೆಯಿತು. ನಮ್ಮಲ್ಲಿ ಮಹಾಡ್‌ನ ಕೆರೆಯ ನೀರು ಮುಟ್ಟುವ ಸತ್ಯಾಗ್ರಹ ನಡೆದದ್ದು ಇದಾದ ನಾಲ್ಕು ವರ್ಷಕ್ಕೆ, 1927ರಲ್ಲಿ. ಆ ದಶಕದ ಏಷ್ಯಾದ ಗಾಳಿಯಲ್ಲೇ ಸಮಾನತೆಯ ಮಾತು ಇತ್ತು.

ಆಗ ಕೊರಿಯಾ ಜಪಾನಿನ ಕೈಯಲ್ಲಿತ್ತು. ಆಳುವವರು ಜನವರಿ 1ರ ಹೊಸ ವರ್ಷವನ್ನು ಮುಂದೆ ಮಾಡಿ ಸೊಲ್ಲಾಲ್ ಅನ್ನು ಹಳೆಯ ಕಾಲದ ಗೊಡ್ಡು ಎಂದು ತುಳಿದರು. ಸ್ವಾತಂತ್ರ್ಯ ಬಂದ ಮೇಲೂ ಕೊರಿಯಾ ಸರಕಾರ ಅದನ್ನು ಬಹುಕಾಲ ಮೇಲೆತ್ತಲಿಲ್ಲ. 1985ರಲ್ಲಿ ಜಾನಪದ ದಿನ ಎಂಬ ಹೆಸರಿನಲ್ಲಿ ಒಂದು ದಿನದ ರಜೆ, 1989ರಲ್ಲಿ ಸ್ವಂತ ಹೆಸರಿನಲ್ಲೇ ಮೂರು ದಿನದ ರಜೆ. ಮನೆಗಳಲ್ಲಿ ಮಾತ್ರ ಅಷ್ಟೂ ವರ್ಷ ಅಕ್ಕಿಯ ಬಿಲ್ಲೆ ಕತ್ತರಿಸುವುದು ನಿಂತಿರಲಿಲ್ಲ. ಅರಮನೆಯ ಅಡುಗೆಯೂ ಹೀಗೇ ಉಳಿಯಿತು. ಜೋಸನ್ ಅರಮನೆಯ ಅಡುಗೆಮನೆಯಲ್ಲಿ ದುಡಿದ ಕೊನೆಯ ಹೆಂಗಸರಲ್ಲಿ ಒಬ್ಬರಾದ ಹಾನ್ ಹಿಸುನ್ ತಮ್ಮ ವಿದ್ಯೆಯನ್ನು ಹ್ವಾಂಗ್ ಹೆಸೊಂಗ್ ಎಂಬ ಅಧ್ಯಾಪಕಿಗೆ ಧಾರೆಯೆರೆದರು. 1970ರ ದಶಕದ ಮೊದಲಿಗೆ ಸರಕಾರ ಅದನ್ನು ರಾಷ್ಟ್ರದ ಪರಂಪರೆ ಎಂದು ಮನ್ನಿಸಿತು. ಇಂದು ಸೋಲ್‌ನ ಕೊರಿಯಾ ಹೌಸ್‌ನಂಥ ಕಡೆ ನಾವು ಕೂತು ಉಣ್ಣಬಹುದಾದ ಅರಮನೆಯ ಊಟ, ಈ ಹೆಂಗಸರ ನೆನಪಿನ ಶಕ್ತಿಯಿಂದ ಉಳಿದದ್ದು.

ಎತ್ತಿನ ಪಾಲಿಗೆ ದೊಡ್ಡ ತಿರುವು ಬಂದದ್ದು ಪವರ್ ಟಿಲ್ಲರ್‌ನಿಂದ. 1970ರ ದಶಕದಲ್ಲಿ ಗದ್ದೆಗೆ ಯಂತ್ರ ಇಳಿದ ಮೇಲೆ, ಹಾನು ಎಂಬ ಕಂದು ಬಣ್ಣದ ದೇಸಿ ತಳಿ ನೊಗದಿಂದ ಬಿಡುಗಡೆಯಾಗಿ ಕೊಟ್ಟಿಗೆಯಲ್ಲಿ ಕೊಬ್ಬತೊಡಗಿತು. 2001ರಲ್ಲಿ ವಿದೇಶಿ ಮಾಂಸಕ್ಕೆ ಬಾಗಿಲು ಪೂರ್ತಿ ತೆರೆಯಿತು. ಬೆಲೆಯಲ್ಲಿ ಪೈಪೋಟಿ ಸಾಧ್ಯವಿಲ್ಲದ ರೈತರು ಗುಣಮಟ್ಟದ ಹಾದಿ ಹಿಡಿದರು. ಮಾಂಸದ ಎಳೆಗಳ ನಡುವೆ ಬಿಳಿ ಕೊಬ್ಬು ಎಷ್ಟು ಸಣ್ಣಗೆ ಹರಡಿದೆ ಎಂದು ನೋಡಿ ದರ್ಜೆ ಕೊಡುತ್ತಾರೆ. ಎಲ್ಲಕ್ಕಿಂತ ಮೇಲಿನದು 1++. ಪ್ರತಿ ದನಕ್ಕೂ 12 ಅಂಕಿಗಳ ಸಂಖ್ಯೆಯಿದೆ, ಅದನ್ನು ಫೋನಿನಲ್ಲಿ ಒತ್ತಿದರೆ ಹುಟ್ಟಿದ ದಿನವೂ ಸಾಕಿದ ಕೊಟ್ಟಿಗೆಯೂ ಗೊತ್ತಾಗುತ್ತದೆ. ಆದರೆ ಕೊಬ್ಬಿನ ಹಿಂದೆ ಬಿದ್ದು ದನಗಳಿಗೆ ಸುಮಾರು 30 ತಿಂಗಳಾಗುವವರೆಗೆ ಧಾನ್ಯ ತಿನ್ನಿಸುವ ಈ ಪದ್ಧತಿ ನನಗೆ ಒಪ್ಪಿಗೆಯಲ್ಲ. ಕೊರಿಯಾ ಸರಕಾರಕ್ಕೂ ಅದು ಅತಿಯೆನಿಸಿರಬೇಕು. 2019ರ ಡಿಸೆಂಬರ್‌ನಲ್ಲಿ ಮೇಲಿನ ದರ್ಜೆಗೆ ಬೇಕಾದ ಕೊಬ್ಬಿನ ಪ್ರಮಾಣವನ್ನು ಶೇ. 17ರಿಂದ ಶೇ. 15.6ಕ್ಕೆ ಇಳಿಸಿತು.

ಹಬ್ಬದ ಉಡುಗೊರೆಯ ವಿಚಾರವೂ ಸರಕಾರದ ಕಡತ ಸೇರಿದೆ. 2016ರಲ್ಲಿ ಲಂಚ ತಡೆಯುವ ಕಾನೂನು ಬಂದು, ಅಧಿಕಾರಿಗಳಿಗೆ ಕೊಡುವ ಉಡುಗೊರೆ 50,000 ವಾನ್ ಮೀರಬಾರದೆಂದಿತು. ಹಬ್ಬಕ್ಕೆ ಪೆಟ್ಟಿಗೆಯಲ್ಲಿಟ್ಟು ಕಳಿಸುವ ಹಾನು ಮಾಂಸ ಆ ಬೆಲೆಗೆಲ್ಲಿ ಸಿಗಬೇಕು? ರೈತರು ಮೊರೆಯಿಟ್ಟರು. ಮಿತಿ ಮೆಲ್ಲಮೆಲ್ಲಗೆ ಏರಿ, 2023ರಲ್ಲಿ ಬೆಳೆ ಮತ್ತು ಮಾಂಸದ ಉಡುಗೊರೆಗೆ 1,50,000 ವಾನ್, ಹಬ್ಬದ ದಿನಗಳಲ್ಲಿ ಅದರ ಎರಡರಷ್ಟು ಎಂದಾಯಿತು. ಹಬ್ಬ ಬಂದಾಗ ಬಿಲ್ಲೆ ಒಳಗಿಡುತ್ತಿದ್ದ ಹಳೆಯ ಕಚೇರಿಗಳ ನಡವಳಿಕೆ ಬೇರೆ ರೂಪದಲ್ಲಿ ಇನ್ನೂ ನಡೆದಿದೆ.

ನಿಮ್ಮಲ್ಲಿ ಕೆಲಸಕ್ಕೋ ಓದಿಗೋ ಕೊರಿಯಾಕ್ಕೆ ಹೋಗುವವರಿದ್ದರೆ ಎರಡು ಮಾತು. ಸೊಲ್ಲಾಲ್ ದಿನ ಬಹಳಷ್ಟು ಹೋಟೆಲುಗಳು ಮುಚ್ಚಿರುತ್ತವೆ, ಮೊದಲೇ ವಿಚಾರಿಸಿಕೊಳ್ಳಿ. ಮಾಂಸ ತಿನ್ನುವವರಾದರೆ ಮಸಾಲೆಯಿಲ್ಲದ ತುಂಡನ್ನು ಬರೀ ಉಪ್ಪಿನ ಜೊತೆ ಮೊದಲು ತಿನ್ನಿ, ಎಲೆಯಲ್ಲಿ ಬೆಳ್ಳುಳ್ಳಿ ಇಟ್ಟು ಸುತ್ತಿಕೊಳ್ಳುವುದು ಆಮೇಲೆ. ತಿನ್ನದವರು ದನದ ಸಾರಿಲ್ಲದ ತೊಕ್‌ಗುಕ್ ಕೇಳಿ ಮಾಡಿಸಿಕೊಳ್ಳಬಹುದು. ಬಿಡುವು ಸಿಕ್ಕರೆ ಜಿಂಜುವಿಗೂ ಹೋಗಿ ಬನ್ನಿ. ಮಾಂಸ ಕಡಿದವರು ಮನುಷ್ಯರೆಂದು ಸಾರಿದ ಆ ಚಳವಳಿಯ ಸ್ಮಾರಕ ಸ್ತಂಭ 1996ರಲ್ಲಿ ಎದ್ದದ್ದು ಆ ಊರಿನಲ್ಲೇ.