ತಲೆ ಕೊಟ್ಟವರ ಕಥೆ: ಅಬಲೂರಿನಿಂದ ಆನಂದಪುರಕ್ಕೆ

ಬೈಸಾಖಿ ಬಗ್ಗೆ ಒಂದು ಸಂಚಿಕೆ ಮಾಡ್ತೀನಿ ಅಂದಿದ್ದಕ್ಕೆ ಹಿರೇಕೆರೂರು ಕಡೆಯ ಕೇಳುಗರೊಬ್ಬರು ಮೆಸೇಜ್ ಹಾಕಿದ್ರು: "ಅದು ಪಂಜಾಬಿನವರ ಹಬ್ಬ, ನಮಗೇನ್ರಿ ಸಂಬಂಧ?" ಕೇಳಬೇಕಾದ ಪ್ರಶ್ನೆನೇ. ಉತ್ತರವನ್ನ ಅವರ ತಾಲ್ಲೂಕಿನಿಂದಲೇ ಶುರು ಮಾಡ್ತೀನಿ.

ಅಬಲೂರು ಅಂದ್ರೆ ಹೆಚ್ಚಿನವರಿಗೆ ನೆನಪಾಗೋದು ಸರ್ವಜ್ಞ. ಆದ್ರೆ ಅಲ್ಲಿಯ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ನೇ ಇಸವಿಯ ಒಂದು ಶಾಸನ ಇದೆ. ಅದು ಹೇಳೋದು ಏಕಾಂತದ ರಾಮಯ್ಯನ ಕಥೆ. ಶಿವ ದೊಡ್ಡವನೋ, ಜಿನ ದೊಡ್ಡವನೋ ಅಂತ ವಾದ ಹತ್ತುತ್ತದೆ. ರಾಮಯ್ಯ ತನ್ನ ತಲೆ ಕತ್ತರಿಸಿ ಶಿವನಿಗೆ ಅರ್ಪಿಸಿ, ಏಳು ದಿನದ ಮೇಲೆ ಮರಳಿ ಪಡೀತಾನೆ. ಪಣದ ಪ್ರಕಾರ ಜೈನರು ಜಿನಮೂರ್ತಿ ತೆಗೆದು ಶಿವನನ್ನ ಸ್ಥಾಪಿಸಬೇಕಿತ್ತು. ಅವರು ಒಪ್ಪಲಿಲ್ಲ. ರಾಮಯ್ಯ ತಾನೇ ಮೂರ್ತಿ ಒಡೀತಾನೆ. ದೂರು ರಾಜ ಬಿಜ್ಜಳನವರೆಗೂ ಹೋಗಿ, ಆತ ರಾಮಯ್ಯನಿಗೆ ಜಯಪತ್ರ ಕೊಡ್ತಾನೆ.

ಪವಾಡ ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ನನಗೆ ಮುಖ್ಯ ಅನ್ಸಿದ್ದು ಬೇರೆ. ಆ ತಲೆ ಅರ್ಪಣೆಯಾಗಿದ್ದು ನಮ್ಮ ದೇವರು ಗೆಲ್ಲಬೇಕು ಅಂತ. ಸೋತವರ ಮಾತು ಆ ಕಲ್ಲಿನ ಮೇಲಿಲ್ಲ.

ಇದೇ ತಲೆ ಕೊಡುವ ಮಾತು ಸಿಖ್ಖರ ಚರಿತ್ರೆಯಲ್ಲಿ ಎರಡು ಸಲ ಬರ್ತದೆ. ಎರಡು ಸಲವೂ ಕಾರಣ ಬೇರೆ.

ಮೊದಲನೆಯದು 1675, ದೆಹಲಿಯ ಚಾಂದನಿ ಚೌಕ. ಒಂಬತ್ತನೇ ಗುರು ತೇಗ್ ಬಹಾದ್ದೂರರ ಶಿರಚ್ಛೇದ ಆಗಿದ್ದು ಔರಂಗಜೇಬನ ಆಜ್ಞೆಯಿಂದ. ಮತಾಂತರದ ಒತ್ತಡಕ್ಕೆ ಸಿಕ್ಕ ಕಾಶ್ಮೀರಿ ಪಂಡಿತರು ಆಸರೆ ಕೇಳಿ ಬಂದಾಗ ಅವರ ಪರ ನಿಂತರು ಅಂತ ಸಿಖ್ ಪರಂಪರೆ ನೆನೀತದೆ. ಇಲ್ಲೊಂದು ವಿಷಯ ನೋಡ್ರಿ. ಗುರುನಾನಕರು ಬಾಲ್ಯದಲ್ಲೇ ಜನಿವಾರ ಬೇಡ ಅಂದವರು ಅಂತ ಕಥೆ ಇದೆ. ಅವರ ಗಾದಿಯಲ್ಲಿ ಕೂತವರು ಜನಿವಾರ ಹಾಕುವವರ ಹಕ್ಕಿಗಾಗಿ ತಲೆ ಕೊಟ್ಟರು. ತಾನು ಪಾಲಿಸದ ನಂಬಿಕೆಯ ಸಲುವಾಗಿ!

ಎರಡನೆಯದು 1699ರ ಬೈಸಾಖಿ, ಪಂಜಾಬಿನ ಆನಂದಪುರ. ತೇಗ್ ಬಹಾದ್ದೂರರ ಮಗ, ಹತ್ತನೇ ಗುರು ಗೋವಿಂದ ಸಿಂಗ್, ಕತ್ತಿ ಹಿರಿದು ನಿಂತು ಕೇಳ್ತಾರೆ: ನನಗೊಂದು ತಲೆ ಬೇಕು, ಯಾರು ಕೊಡ್ತೀರಿ? ಸಭೆ ಗಪ್ಪಾಗ್ತದೆ. ಕಡೆಗೆ ಒಬ್ಬೊಬ್ಬರಾಗಿ ಐದು ಜನ ಏಳ್ತಾರೆ. ಗುರು ಒಬ್ಬೊಬ್ಬರನ್ನೇ ಡೇರೆಯೊಳಗೆ ಕರ್ಕೊಂಡು ಹೋಗಿ, ರಕ್ತ ಹತ್ತಿದ ಕತ್ತಿ ಹಿಡ್ಕೊಂಡು ಹೊರಗೆ ಬರ್ತಾರೆ. ಆಮೇಲೆ ಐವರೂ ಜೀವಂತವಾಗಿ ಹೊರಗೆ ಬರ್ತಾರೆ ಅನ್ನೋದು ಪರಂಪರೆಯ ಕಥನ. ಇವರೇ ಪಂಜ್ ಪ್ಯಾರೆ, ಗುರುವಿನ ಐವರು ಪ್ರೀತಿಪಾತ್ರರು.

ಯಾರಿವರು? ಲಾಹೋರಿನ ಖತ್ರಿ, ಹಸ್ತಿನಾಪುರದ ಜಾಟ, ಪುರಿಯ ನೀರು ಹೊರುವವ, ದ್ವಾರಕೆಯ ಬಟ್ಟೆಗೆ ಅಚ್ಚು ಹಾಕುವವ. ಐದನೆಯವ ನಮ್ಮ ಬೀದರಿನ ಕ್ಷೌರಿಕ, ಮುಂದೆ ಭಾಯಿ ಸಾಹಿಬ್ ಸಿಂಗ್ ಆದವರು. ನಮಗೇನ್ರಿ ಸಂಬಂಧ ಅಂದಿದ್ರಲ್ಲ, ಇದೇ ಸಂಬಂಧ. ಇವತ್ತಿನ ಕರ್ನಾಟಕದ ಒಂದು ಊರಿನವರು ಖಾಲ್ಸಾದ ಮೊದಲ ಐವರಲ್ಲಿದ್ದಾರೆ.

ಅವತ್ತು ಕಬ್ಬಿಣದ ಬಟ್ಟಲಲ್ಲಿ ನೀರು, ಬತ್ತಾಸು ಹಾಕಿ, ಇಬ್ಬಾಯಿ ಕತ್ತಿಯಿಂದ ಕದಡಿ ಅಮೃತ ಮಾಡ್ತಾರೆ. ಐವರಿಗೂ ಒಂದೇ ಬಟ್ಟಲು. ಜಾತಿ ಹೇಳುವ ಹೆಸರು ಹೋಗಿ ಎಲ್ಲರಿಗೂ ಸಿಂಗ್ ಅನ್ನೋ ಹೆಸರು. ಹೆಣ್ಣುಮಕ್ಕಳಿಗೆ ಕೌರ್. ನನಗೆ ಎಲ್ಲಕ್ಕಿಂತ ದೊಡ್ಡದು ಅನ್ಸೋದು ಇದರ ನಂತರದ್ದು. ಗುರು ಕೈ ಮುಗಿದು ಆ ಐವರ ಮುಂದೆ ನಿಂತು, ಈಗ ನನಗೂ ದೀಕ್ಷೆ ಕೊಡ್ರಿ ಅಂತಾರೆ. ಗುರುವಿಗೆ ದೀಕ್ಷೆ ಕೊಟ್ಟವರಲ್ಲಿ ಒಬ್ಬ ಬೀದರಿನ ಕ್ಷೌರಿಕ! ಇವತ್ತಿಗೂ ಅಮೃತ ಕೊಡೋದು ಐದು ಜನ ದೀಕ್ಷಿತ ಸಿಖ್ಖರೇ. ಅವರ ಹಿಂದಿನ ಜಾತಿ ಯಾವುದು ಅನ್ನೋ ಪ್ರಶ್ನೆಗೆ ಅಲ್ಲಿ ಜಾಗ ಇಲ್ಲ.

ಖಾಲ್ಸಾ ಸೇರಿದವರು ಐದು ಗುರುತು ಇಟ್ಟುಕೊಳ್ತಾರೆ: ಕತ್ತರಿಸದ ಕೂದಲು, ಬಾಚಣಿಗೆ, ಕೈಯಲ್ಲಿ ಉಕ್ಕಿನ ಕಡಾ, ಕಛೇರಾ ಅನ್ನೋ ಚಡ್ಡಿ, ಕಿರ್ಪಾನ್. ಅಂದ್ರೆ ಕ್ಷೌರದ ಮನೆತನದಲ್ಲಿ ಹುಟ್ಟಿದವರು ಕೂದಲು ಕತ್ತರಿಸದ ಪಂಥದ ಹಿರಿಯರಾದ್ರು. ಹುಟ್ಟಿದ ಕಸುಬೇ ಮನುಷ್ಯನ ಅಳತೆ ಅನ್ನೋ ಲೆಕ್ಕ ಅಲ್ಲಿಗೆ ಮುಗೀತು. ಚಮಕೌರ್ ಕಾಳಗದಲ್ಲಿ ಸಾಹಿಬ್ ಸಿಂಗ್ ನಿಜವಾಗಿಯೂ ಪ್ರಾಣ ಕೊಟ್ಟರು.

ಬೀದರಿಗೆ ಗುರುನಾನಕರೇ ಬಂದಿದ್ರು ಅನ್ನೋ ನಂಬಿಕೆಯೂ ಇದೆ. ಸಿಹಿನೀರಿಲ್ಲದ ಊರಲ್ಲಿ ಅವರು ಕಾಲಿಂದ ಕಲ್ಲು ಸರಿಸಿದ ಕಡೆ ಊಟೆ ಚಿಮ್ಮಿತಂತೆ. ಝೀರಾ ಅಂದ್ರೆ ಊಟೆ. ಅದೇ ಇವತ್ತಿನ ನಾನಕ್ ಝೀರಾ ಗುರುದ್ವಾರ. ಅಲ್ಲಿಯ ಲಂಗರಿನಲ್ಲಿ ಯಾರೇ ಹೋದ್ರೂ ಊಟ ಉಚಿತ, ಎಲ್ಲರೂ ಒಂದೇ ಸಾಲು. ನಮಗೆ ತಿಳಿಯೋ ಹಾಗೆ ಹೇಳಬೇಕಂದ್ರೆ ದಾಸೋಹ. ದುಡಿದು ತಿನ್ನು, ಹಂಚಿ ತಿನ್ನು, ನಾಮ ನೆನೆ ಅನ್ನೋ ಅವರ ಮೂರು ಮಾತು ಕಾಯಕದ ನಾಡಿನವರಿಗೆ ಹೊಸದಲ್ಲ.

ಇದರ ಜೊತೆ ಒಂದು ಕಹಿ ಮಾತನ್ನೂ ಹೇಳಲೇಬೇಕು. ಇದೇ ಬೀದರಿನಲ್ಲಿ 1988ರ ಸೆಪ್ಟೆಂಬರಿನಲ್ಲಿ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿ ನಡೆದು, ಕೆಲವರು ಪ್ರಾಣ ಕಳ್ಕೊಂಡ್ರು. ಓದೋಕೆ ಬಂದ ಹುಡುಗರು. ಸಾಹಿಬ್ ಸಿಂಗ್ ಅವರ ಊರಲ್ಲೇ ಅವರು ಹೊರಗಿನವರಾದ್ರು. "ನಮಗೇನು ಸಂಬಂಧ" ಅನ್ನೋ ಮಾತು ಸಣ್ಣದು ಅನ್ಸಬಹುದು, ಆದ್ರೆ ಅದನ್ನ ಹಾಗೇ ಬೆಳೆಯೋಕೆ ಬಿಟ್ರೆ ಎಲ್ಲಿಗೆ ಹೋಗಿ ಮುಟ್ಟುತ್ತೆ ನೋಡ್ರಿ.

ಇನ್ನೊಂದು ಮಾತು. ಕ್ಷೌರ ಮಾಡುವವರ ಜಾತಿ ಹೆಸರನ್ನ ಬೈಗುಳ ಮಾಡ್ಕೊಂಡಿರೋ ಬಾಯಿಗಳು ನಮ್ಮ ಕಡೆ ಇನ್ನೂ ಇವೆ. ಎಷ್ಟೋ ಹಳ್ಳಿಗಳಲ್ಲಿ ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿ ಇನ್ನೂ ಬರ್ತಾನೇ ಇದೆ. ತಲೆಯನ್ನೇನೂ ಕೊಡಬೇಕಾಗಿಲ್ಲ ನಾವು. ಆ ಬೈಗುಳ ಬಿಡಬಹುದು, ಪಕ್ಕದ ಕುರ್ಚಿಯಲ್ಲಿ ಯಾರು ಕೂತರು ಅಂತ ನೋಡೋದನ್ನ ಬಿಡಬಹುದು.

ಬೀದರಿಗೆ ಹೋದ್ರೆ ಝೀರಾಕ್ಕೆ ಹೋಗಿ ಬರ್ರಿ. ತಲೆ ಮೇಲೆ ಬಟ್ಟೆ ಇರಲಿ, ಚಪ್ಪಲಿ ಹೊರಗೆ. ಕಡಾ ಪ್ರಸಾದ ಎರಡೂ ಕೈಯಲ್ಲಿ ತಗೊಳ್ರಿ, ಲಂಗರಿನಲ್ಲಿ ತಿನ್ನೋ ಅಷ್ಟೇ ಹಾಕಿಸ್ಕೊಳ್ರಿ. ಊಟ ಆದ ಮೇಲೆ ನಾಲ್ಕು ತಟ್ಟೆ ತೊಳೆದು ಬಂದ್ರೆ ಇನ್ನೂ ಚಲೋ, ಅದಕ್ಕೆ ಅಲ್ಲಿ ಸೇವೆ ಅಂತಾರೆ. ಬೈಸಾಖಿ ಏಪ್ರಿಲ್ 13 ಅಥವಾ 14ಕ್ಕೆ, ಗುರುನಾನಕ್ ಜಯಂತಿ ಕಾರ್ತಿಕ ಹುಣ್ಣಿಮೆಗೆ. ಮುಂದಿನ ವಾರ ಸಿಗೋಣ, ಶರಣು.