ಒಂದು ಸಹಿಗಾಗಿ ನಡೆದ ಜಟಾಪಟಿ



“ರಾಷ್ಟ್ರಪತಿ ಮತ್ತು ಸಂಸತ್ತು” ಎಂಬ ವಿಷಯ ಕೊಟ್ಟು ನಮ್ಮ ಕಾರ್ಯದರ್ಶಿಯವರು, “ಸ್ವಲ್ಪ ಬೇಸರವಾಗದ ಹಾಗೆ ಮಾತಾಡಿ” ಅಂದರು. ಬೇಸರ ಏಕಾಗಬೇಕು? ನಮ್ಮ ಮೊದಲ ರಾಷ್ಟ್ರಪತಿಗೂ ಮೊದಲ ಪ್ರಧಾನಿಗೂ ಬಿಸಿಬಿಸಿ ಪತ್ರವ್ಯವಹಾರ ನಡೆದದ್ದೇ ನಮ್ಮ ಮದುವೆ, ನಮ್ಮ ಆಸ್ತಿಯ ವಿಚಾರಕ್ಕೆ.

ಹಿಂದೂ ಸಂಹಿತೆ ಮಸೂದೆಯ ಕಥೆ ಅದು. ಕರಾವಳಿ ಮೂಲದ ಬೆನೆಗಲ್ ನರಸಿಂಗ ರಾವ್ ಅವರ ಸಮಿತಿ ಕರಡು ಮಾಡಿತ್ತು. ಕಾನೂನು ಮಂತ್ರಿ ಅಂಬೇಡ್ಕರ್ ಅದನ್ನು ತಿದ್ದಿ ಸದನದಲ್ಲಿ ಮುಂದಿಟ್ಟರು. ಗಂಡಸಿಗೆ ಒಂದೇ ಮದುವೆ, ಹೆಂಗಸಿಗೂ ವಿಚ್ಛೇದನದ ದಾರಿ, ಮಗಳಿಗೂ ತಂದೆಯ ಆಸ್ತಿಯಲ್ಲಿ ಪಾಲು. ಇವೆಲ್ಲ ತೀರಾ ಹೊಸದೇನಲ್ಲ. ಹಳೆಯ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿಗೆ ಕಾಯ್ದೆ ಮಾಡಿತ್ತು. ನಾವೀಗ ಕೂತಿರುವ ಈ ಮುಂಬಯಿಯಲ್ಲಿ ಎರಡನೇ ಮದುವೆಗೆ 1946ರಲ್ಲೇ ತಡೆ ಬಿದ್ದಿತ್ತು. ಆದರೆ ಇಡೀ ದೇಶಕ್ಕೆ ಅಂದಾಗ ಗದ್ದಲ ಎದ್ದಿತು.

1951ರ ಸೆಪ್ಟೆಂಬರಿನಲ್ಲಿ ಬಾಬು ರಾಜೇಂದ್ರ ಪ್ರಸಾದರು ನೆಹರೂ ಅವರಿಗೆ ಪತ್ರ ಬರೆದರು. ಮಸೂದೆ ಪಾಸಾಗಿ ತಮ್ಮ ಬಳಿ ಬಂದರೆ ಮಂತ್ರಿಮಂಡಲದ ಸಲಹೆಯಂತಲ್ಲ, ತಮ್ಮ ಸ್ವಂತ ವಿವೇಚನೆಯಂತೆ ನಡೆಯುವುದಾಗಿ ತಿಳಿಸಿದರು. ವಾಪಸು ಕಳಿಸಲೂಬಹುದು, ಸಹಿ ಹಾಕದೆಯೂ ಇರಬಹುದು ಎಂಬುದು ಅದರ ತಾತ್ಪರ್ಯ. ಅವರ ವಾದದಲ್ಲಿ ಒಂದು ಗಟ್ಟಿ ಮಾತಿತ್ತು, ಅದನ್ನು ನಾನು ತಳ್ಳಿಹಾಕುವುದಿಲ್ಲ: ಆಗ ಇದ್ದದ್ದು ತಾತ್ಕಾಲಿಕ ಸಂಸತ್ತು, ಜನ ಓಟು ಹಾಕಿ ಕಳಿಸಿದ್ದಲ್ಲ. ಇಷ್ಟು ದೊಡ್ಡ ಬದಲಾವಣೆಗೆ ಜನರ ಒಪ್ಪಿಗೆ ಬೇಡವೇ? ಸರಿಯೇ. ಆದರೆ ಸಂವಿಧಾನ ಬರೆದದ್ದೂ ಅದೇ ಸಭೆ, 1950ರಲ್ಲಿ ಬಾಬೂಜಿಯವರನ್ನು ರಾಷ್ಟ್ರಪತಿಯಾಗಿ ಆರಿಸಿದ್ದೂ ಅದೇ ಸಭೆ! ಆ ಸಭೆಗೆ ರಾಷ್ಟ್ರಪತಿಯನ್ನು ಆರಿಸುವ ಯೋಗ್ಯತೆ ಇದ್ದರೆ ಮಗಳಿಗೆ ಪಾಲು ಕೊಡುವ ಯೋಗ್ಯತೆ ಹೇಗೆ ಇಲ್ಲವಾಗುತ್ತದೆ?

ನೆಹರೂ ಕಾನೂನು ಪಂಡಿತರ ಅಭಿಪ್ರಾಯ ಕೇಳಿದರು. ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆಯೇ ನಡೆಯಬೇಕು ಎಂದು ಅಟಾರ್ನಿ ಜನರಲ್ ಸೆಟಲ್ವಾಡ್ ಹೇಳಿದರು. ಆದರೂ ಸಹಿಯ ಪ್ರಶ್ನೆ ಬರಲೇ ಇಲ್ಲ. ಸದನದಲ್ಲೇ, ಸ್ವಂತ ಪಕ್ಷದವರಲ್ಲೇ ವಿರೋಧ ಇದ್ದುದರಿಂದ ಸರ್ಕಾರ ಮಸೂದೆಯನ್ನು ಕೈಬಿಟ್ಟಿತು. ಅಂಬೇಡ್ಕರ್ ರಾಜೀನಾಮೆ ಕೊಟ್ಟು ಹೊರನಡೆದರು. ಆದ್ದರಿಂದ ತಪ್ಪೆಲ್ಲ ರಾಷ್ಟ್ರಪತಿಯದು ಅನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಚುನಾವಣೆ ಮುಗಿಯಿತು. ಹೊಸ ಸಂಸತ್ತು ಅದೇ ಮಸೂದೆಯನ್ನು ತುಂಡು ತುಂಡಾಗಿ ಪಾಸು ಮಾಡಿತು. 1955ರಲ್ಲಿ ವಿವಾಹ ಕಾಯ್ದೆ, 1956ರಲ್ಲಿ ಉತ್ತರಾಧಿಕಾರ ಕಾಯ್ದೆ. ಅವಕ್ಕೆ ಸಹಿ ಹಾಕಿದವರು ಅದೇ ರಾಜೇಂದ್ರ ಪ್ರಸಾದರು. ತಮ್ಮ ಅಭಿಪ್ರಾಯ ಏನೇ ಇರಲಿ, ಜನ ಆರಿಸಿದ ಸದನದ ಮಾತಿಗೆ ಅವರು ಅಡ್ಡ ಬರಲಿಲ್ಲ. ಇದು ಅವರ ದೊಡ್ಡತನ ಎಂದೇ ನನ್ನ ಭಾವನೆ.

ಆಮೇಲೂ ತಿಕ್ಕಾಟಗಳು ಆದವು. 1986ರ ಅಂಚೆ ತಿದ್ದುಪಡಿ ಮಸೂದೆಯನ್ನು ಜೈಲ್ ಸಿಂಗ್ ಸಹಿಯನ್ನೂ ಹಾಕದೆ, ವಾಪಸೂ ಕಳಿಸದೆ ಮೇಜಿನ ಮೇಲೇ ಇಟ್ಟುಕೊಂಡರು. ಸಹಿಗೆ ಸಂವಿಧಾನದಲ್ಲಿ ಗಡುವು ಬರೆದಿಲ್ಲವಲ್ಲ! 2006ರಲ್ಲಿ ಲಾಭದಾಯಕ ಹುದ್ದೆಯ ಮಸೂದೆಯನ್ನು ಕಲಾಂ ವಾಪಸು ಕಳಿಸಿದರು. ಸಂಸತ್ತು ಮತ್ತೆ ಹಾಗೆಯೇ ಪಾಸು ಮಾಡಿತು, ಅವರು ಸಹಿ ಹಾಕಿದರು. ಎರಡನೇ ಸಲ ಬಂದರೆ ಇಲ್ಲವೆನ್ನುವಂತಿಲ್ಲ.

ಇನ್ನು ನಮ್ಮ ಪಾಲಿನ ಕಥೆಗೆ ಬರುತ್ತೇನೆ. 1956ರ ಕಾಯ್ದೆ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಸಮಪಾಲು ಕೊಟ್ಟಿತು, ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಕೊಡಲಿಲ್ಲ. ಕರ್ನಾಟಕ 1994ರಲ್ಲಿ ಅದನ್ನು ತಿದ್ದಿತು. ಕೇಂದ್ರದ ಕಾಯ್ದೆಯನ್ನು ರಾಜ್ಯ ತಿದ್ದಬೇಕಾದರೆ ಅದಕ್ಕೂ ರಾಷ್ಟ್ರಪತಿಯ ಅಂಕಿತ ಬೇಕು, ಸಿಕ್ಕಿತು. ಆದರೆ ಅದಕ್ಕೆ ಮೊದಲೇ ಮದುವೆಯಾದ ನನ್ನಂಥವರು ಹೊರಗುಳಿದೆವು. 2005ರ ಕೇಂದ್ರ ತಿದ್ದುಪಡಿ ಬಂದ ಮೇಲೆಯೇ ನಾವೂ ಒಳಗೆ ಬಂದದ್ದು.

ಈಗ ಊರಿಂದ ಫೋನು ಬರುತ್ತದೆ: “ಅಕ್ಕಾ, ಹಬ್ಬಕ್ಕೆ ಬಂದಾಗ ಒಂದು ಸಹಿ ಹಾಕಿ ಹೋಗು, ಹಕ್ಕು ಬಿಡುಗಡೆ ಪತ್ರ.” ನಮ್ಮಲ್ಲಿ ಎಷ್ಟು ಜನರಿಗೆ ಈ ಫೋನು ಬಂದಿದೆ, ಕೈ ಎತ್ತಿ ನೋಡೋಣ.