ಹೊಸ ಸೌರಫಲಕವೂ ಮಲೆನಾಡಿನ ಮಳೆಗಾಲವೂ
(ಉಪನ್ಯಾಸದ ಬರಹರೂಪ)



ಸೌರವಿದ್ಯುತ್ ಎಂದೊಡನೆ ಕಣ್ಣ ಮುಂದೆ ಬರುವುದು ಮಾಡಿನ ಮೇಲಿನ ಸಿಲಿಕಾನ್ ಫಲಕ. ಈಗ ಅದರ ಜೊತೆಗೆ ನಿಲ್ಲಲು ಮತ್ತೊಂದು ವಸ್ತು ಸಿದ್ಧವಾಗುತ್ತಿದೆ. ಅದರ ಹೆಸರು ಪೆರೋವ್‌ಸ್ಕೈಟ್. 1839ರಲ್ಲಿ ರಷ್ಯದ ಉರಲ್ ಪರ್ವತಗಳ ಖನಿಜವೊಂದಕ್ಕೆ ಇಟ್ಟ ಹೆಸರಿದು. ಫಲಕದಲ್ಲಿ ಬಳಸುವುದು ಆ ಖನಿಜವನ್ನಲ್ಲ. ಅದೇ ಬಗೆಯ ಹರಳುರಚನೆಯುಳ್ಳ, ಸಾಮಾನ್ಯವಾಗಿ ಸೀಸ ಮತ್ತು ಅಯೋಡಿನ್ ಇರುವ ಕೃತಕ ಸಂಯುಕ್ತವನ್ನು.

2009ರಲ್ಲಿ ಜಪಾನಿನ ತ್ಸುತೊಮು ಮಿಯಸಾಕ ಮತ್ತು ಸಂಗಡಿಗರು ಇದರಿಂದ ಸೌರಕೋಶ ತಯಾರಿಸಿದಾಗ, ಬಿದ್ದ ಬೆಳಕಿನಲ್ಲಿ ವಿದ್ಯುತ್ತಾದದ್ದು ಶೇ. 3.8 ಮಾತ್ರ. ಮುಂದೆ ಪ್ರಯೋಗಶಾಲೆಯ ಕೋಶಗಳು ಶೇ. 26ನ್ನು ದಾಟಿದವು. ಸಿಲಿಕಾನಿನ ಮೇಲೆ ಇದರ ಪದರವನ್ನು ಕೂರಿಸಿದ ಜೋಡಿಕೋಶ 2024ರಲ್ಲಿ ಶೇ. 34ನ್ನು ಮೀರಿತು. ತಯಾರಿಕೆಗೆ ಬೇಕಾಗುವ ಶಾಖವೂ ಕಡಿಮೆ. ಸಿಲಿಕಾನನ್ನು 1,400 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕರಗಿಸಬೇಕು. ಇದನ್ನು ದ್ರಾವಣವಾಗಿ ಗಾಜಿಗೆ ಬಳಿದು, 100ರಿಂದ 150 ಡಿಗ್ರಿಯಲ್ಲಿ ಕಾಯಿಸಿದರೆ ಸಾಕು.

ಹಾಗಾದರೆ ತೊಡಕೆಲ್ಲಿ? ಮೊದಲನೆಯದು ಗಾತ್ರ. ಪ್ರಯೋಗಶಾಲೆಯಲ್ಲಿ ಪುಟ್ಟ ಗಾಜನ್ನು ಗಿರಗಿರನೆ ತಿರುಗಿಸಿ ದ್ರಾವಣವನ್ನು ಹರಡುತ್ತಾರೆ. ಬಹುಪಾಲು ದ್ರಾವಣ ಸಿಡಿದು ವ್ಯರ್ಥವಾಗುತ್ತದೆ. ದೊಡ್ಡ ಗಾಜಿಗೆ ಈ ವಿಧಾನ ಒಗ್ಗದು. ಆದ್ದರಿಂದ ಕಿರಿದಾದ ಸೀಳಿನಿಂದ ದ್ರಾವಣವನ್ನು ಸಮನಾಗಿ ಇಳಿಸುವ, ಅಥವಾ ನಿರ್ವಾತದಲ್ಲಿ ಆವಿಯಾಗಿಸಿ ಕೂರಿಸುವ ವಿಧಾನಗಳು ಬಂದಿವೆ. ಪದರದ ದಪ್ಪ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟೂ ಇರುವುದಿಲ್ಲ. ನೀರುದೋಸೆಗೆ ತೂತುಗಳೇ ಸೊಗಸು. ಇಲ್ಲಿ ಸೂಜಿಮೊನೆಯಷ್ಟು ರಂಧ್ರವೂ ನಷ್ಟವೇ. 2024ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡ್ ಪಿವಿ ಕಂಪನಿಯು ಜರ್ಮನಿಯ ಕಾರ್ಖಾನೆಯಲ್ಲಿ ತಯಾರಾದ ಜೋಡಿಫಲಕಗಳನ್ನು ಅಮೆರಿಕದ ಗ್ರಾಹಕರಿಗೆ ಕಳುಹಿಸಿತು. ಅವುಗಳ ದಕ್ಷತೆ ಶೇ. 24.5. ಪ್ರಯೋಗಶಾಲೆಗೂ ಕಾರ್ಖಾನೆಗೂ ಇರುವ ಅಂತರ ಇದರಿಂದ ತಿಳಿಯುತ್ತದೆ.

ಎರಡನೆಯ ತೊಡಕು ಬಾಳಿಕೆ. ಮಲೆನಾಡಿಗೆ ಮುಖ್ಯವಾದದ್ದು ಇದೇ. ತೇವ, ಶಾಖ, ಆಮ್ಲಜನಕ, ಅತಿನೇರಳೆ ಕಿರಣ – ಇವೆಲ್ಲವೂ ಈ ಹರಳಿಗೆ ವೈರಿಗಳು. ನೀರಿನ ಪಸೆ ಒಳಹೊಕ್ಕರೆ ಕಪ್ಪು ಪದರವು ಹಳದಿಯ ಸೀಸದ ಅಯೋಡೈಡ್ ಆಗಿ ಒಡೆಯುತ್ತದೆ. ಇದನ್ನು ತಡೆಯಲು ಹರಳಿಗೆ ಸೀಸಿಯಂ ಬೆರೆಸುತ್ತಾರೆ, ಮೇಲ್ಮೈಗೆ ರಕ್ಷಣೆಯ ತೆಳುಪದರ ಕೊಡುತ್ತಾರೆ, ಎರಡು ಗಾಜುಗಳ ನಡುವೆ ಇಟ್ಟು ಅಂಚನ್ನು ಬ್ಯೂಟೈಲ್ ರಬ್ಬರಿನಿಂದ ಮುಚ್ಚುತ್ತಾರೆ. ರೂಢಿಯ ಪರೀಕ್ಷೆಯಲ್ಲಿ ಫಲಕವನ್ನು 85 ಡಿಗ್ರಿ ಶಾಖ, ಶೇ. 85 ಆರ್ದ್ರತೆಯಲ್ಲಿ 1,000 ಗಂಟೆ ಇಡುತ್ತಾರೆ. ಪರೀಕ್ಷೆ ಕಠಿಣವೇ, ಆದರೆ ಅದು ಮುಗಿಯುವುದು 42 ದಿನಗಳಲ್ಲಿ. ಸಿಲಿಕಾನ್ ಫಲಕಕ್ಕೆ 25 ವರ್ಷಗಳ ಖಾತರಿ ರೂಢಿಯಲ್ಲಿದೆ. ಇಪ್ಪತ್ತೈದು ಮಳೆಗಾಲಗಳ ಅನುಭವ ಹೊಸ ಫಲಕಕ್ಕೆ ಇನ್ನೂ ಇಲ್ಲ.

ಫಲಕ ಕೆಟ್ಟರೆ ಹಾನಿ ವಿದ್ಯುತ್ತಿಗಷ್ಟೇ ಅಲ್ಲ. ಒಂದು ಚದರ ಮೀಟರಿನಲ್ಲಿರುವ ಸೀಸ ಸುಮಾರು ಒಂದು ಗ್ರಾಂ, ಇಲ್ಲವೇ ಅದಕ್ಕೂ ಕಡಿಮೆ. ಆದರೆ ಅದು ನೀರಿನಲ್ಲಿ ಕರಗಬಲ್ಲ ರೂಪದ್ದು. ಪುದೀನ ಗಿಡಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪೆರೋವ್‌ಸ್ಕೈಟಿನ ಸೀಸವು ಮಣ್ಣಿನಲ್ಲಿ ಮೊದಲೇ ಇರುವ ಇತರ ಸೀಸಕ್ಕಿಂತ ಸುಮಾರು ಹತ್ತು ಪಟ್ಟು ಸುಲಭವಾಗಿ ಗಿಡವನ್ನು ಸೇರಿತು. ಮಾಡಿನಿಂದ ಇಳಿಯುವ ನೀರು ಅಂಗಳ ದಾಟಿ ತೋಟಕ್ಕೆ, ಗದ್ದೆಗೆ, ಬಾವಿಗೆ ಹರಿಯುವ ನಾಡಿನಲ್ಲಿ ಈ ಮಾತನ್ನು ಹಗುರವಾಗಿ ಕಾಣಲಾಗದು. ಸೀಸವನ್ನು ಹಿಡಿದಿಡುವ ಪದರಗಳ ಸಂಶೋಧನೆಯೂ ನಡೆದಿದೆ ಎಂಬುದು ಸಮಾಧಾನದ ಸಂಗತಿ.

ಹೊಸತು ಎಂಬ ಕಾರಣಕ್ಕೆ ಇದನ್ನು ದೂರವಿಡಬೇಕಿಲ್ಲ. ಗಾಳಿಮಳೆಗೆ ಮರ ಬಿದ್ದು ತಂತಿ ಕಡಿದಾಗ ದಿನಗಟ್ಟಲೆ ಕತ್ತಲಲ್ಲಿರುವ ಒಂಟಿಮನೆಗಳಿಗೆ ಅಗ್ಗದ ಬೆಳಕು ಬೇಕೇ ಬೇಕು. ಆದರೆ ಮಾರುವವರು ಬಂದ ದಿನ ಮೂರು ಪ್ರಶ್ನೆಗಳನ್ನು ಕೇಳಬೇಕು: ಇಂಥದೇ ಮಳೆಯಲ್ಲಿ ಎಷ್ಟು ವರ್ಷ ಬಾಳಿದ ಫಲಕವಿದು? ಗಾಜು ಒಡೆದರೆ ಸೀಸ ಎಲ್ಲಿಗೆ ಹೋಗುತ್ತದೆ? ಕೆಟ್ಟ ಫಲಕವನ್ನು ಯಾರು ಹಿಂದಕ್ಕೆ ಒಯ್ಯುತ್ತಾರೆ? ಇವಕ್ಕೆ ಲಿಖಿತ ಉತ್ತರ ದೊರೆತ ಮೇಲೆ ಫಲಕ ಮಾಡನ್ನೇರಲಿ.